ಕಾಣದ ಕಲೆ

ನಿವೃತ್ತಿಯ ಬಳಿಕ ರೇಖಾಚಿತ್ರ ಕಲಿಯಲು ಹೊರಟೆ. ಅಳತೆಪಟ್ಟಿಯನ್ನು ದೂರವಿರಿಸಿ, ಹಿತ್ತಿಲ ಕಾಗೆಯನ್ನು ಬರೆದೆ. ಮೊಮ್ಮಗಳು ನೋಡಿ, “ತಾತ, ಕೋಳಿ ಚೆನ್ನಾಗಿದೆ!” ಎಂದಳು.

1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ಬಾಲ್ಯದಿಂದಲೇ ಕಾಗೆಗಳನ್ನು ನೋಡಿ ನೋಡಿ ಬರೆದವರು. ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದರೂ ಅವರು ನೋಡುವುದನ್ನು ನಿಲ್ಲಿಸಲಿಲ್ಲ. ನಾನಾದರೋ ಕಾಗೆಯನ್ನು ಬಿಟ್ಟು ಕಾಗದವನ್ನೇ ನೋಡುತ್ತಿದ್ದೆ!

ಒಂದು ಮಧ್ಯಾಹ್ನ, ನಿದ್ರಿಸುತ್ತಿದ್ದ ಮಡದಿಯ ಕೈಯನ್ನು ಬರೆಯಲು ಕುಳಿತೆ. ಕಾಗದದತ್ತ ಕಣ್ಣು ಹಾಯಿಸದೆ, ಕೈಯ ಅಂಚಿನಗುಂಟ ನೋಟ ಸರಿದಷ್ಟೇ ನಿಧಾನವಾಗಿ ಪೆನ್ಸಿಲನ್ನು ಸರಿಸಿದೆ. ಬಾಗಿದ ಕಿರುಬೆರಳು, ಮಣಿಕಟ್ಟಿನ ಮೇಲೊಂದು ಹಳೆಯ ಸುಟ್ಟ ಕಲೆ—ನಲವತ್ತು ವರ್ಷಗಳಲ್ಲಿ ನಾನು ಇವನ್ನು ಕಂಡೇ ಇರಲಿಲ್ಲ.

ಚಿತ್ರ ಸೊಟ್ಟಗಿತ್ತು. ಎಚ್ಚೆತ್ತ ಆಕೆ ಅದನ್ನು ದಿಟ್ಟಿಸಿ, “ಈ ಕಲೆ ಈಗ ಕಾಣಿಸಿತೇ ನಿಮಗೆ?” ಎಂದಳು.

ಕೋಳಿಯ ಮಾತಿಗೂ ನಾನು ಅಷ್ಟು ನಾಚಿರಲಿಲ್ಲ.