ನೊರೆಯಲ್ಲಿ ಸಿಕ್ಕ ರೋಗ

ಗಾಡಿಗೆ ವಯಸ್ಸಾಯಿತೆಂಬುದು ಮೊದಲು ತಿಳಿಯುವುದು ಅದನ್ನು ಓಡಿಸುವವನ ಭುಜಕ್ಕೆ. ನಿನ್ನೆಯವರೆಗೆ ಸಲೀಸಾಗಿ ತಿರುಗುತ್ತಿದ್ದ ಸ್ಟೀರಿಂಗ್ ಒಂದು ಮುಂಜಾನೆ ಮೊಂಡು ಎತ್ತಿನ ಹಾಗೆ ಕತ್ತು ಬಿಗಿ ಹಿಡಿಯುತ್ತದೆ. ಬಲವಂತವಾಗಿ ತಿರುಗಿಸಿದರೆ ಬಾನೆಟ್ಟಿನೊಳಗಿಂದ ಗುಂಯ್ ಎಂಬ ನರಳಾಟ. ಸಮತಟ್ಟಾದ ರಸ್ತೆಯಲ್ಲಾದರೆ ಹೇಗೋ ಸಹಿಸಿಕೊಂಡು ಹೋಗಬಹುದು. ಆದರೆ ತೀರ್ಥಹಳ್ಳಿ ಕಡೆಯಿಂದ ರೋಗಿಗಳನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಹೋಗುವ ಗಾಡಿಯಾದರೆ? ನಡುವೆ ಆಗುಂಬೆ ಘಾಟಿಯಿದೆ, ಅದರಲ್ಲಿ 14 ಹೇರ್‌ಪಿನ್ ತಿರುವುಗಳಿವೆ.

ಆ ಕಡೆಯ ಹಳ್ಳಿಯೊಂದರ ಚಾಲಕರೊಬ್ಬರಿಗೆ ಆದದ್ದು ಇದೇ. ಅವರದು ಕ್ವಾಲಿಸ್. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದು, 2005ರಲ್ಲಿ ಇನ್ನೋವಾಕ್ಕೆ ಜಾಗ ಬಿಟ್ಟುಕೊಟ್ಟ ಗಾಡಿ ಅದು. ಮಲೆನಾಡಿನ ಮನೆಗಳಲ್ಲಿ ಇನ್ನೂ ಕೆಲವು ಉಳಿದುಕೊಂಡಿವೆ. ಎರಡು ದಶಕ ದಾಟಿದ ಗಾಡಿಯನ್ನು ಮಾರಿದರೆ ಬರುವುದೇನು? ಇಟ್ಟುಕೊಂಡರೆ ಊಟಕ್ಕಾಗುತ್ತದೆ.

ಅವರು ಮೊದಲು ಹೋದದ್ದು ನಗರದ ದೊಡ್ಡ ವರ್ಕ್‌ಶಾಪ್ ಒಂದಕ್ಕೆ. ಅಲ್ಲಿಯವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, ಪಂಪು ಹೋಗಿದೆ ಎಂದರು. ರಿಪೇರಿ ಮಾಡಿದ ಪಂಪೊಂದನ್ನು ಹಾಕಿಸಿಕೊಂಡದ್ದಾಯಿತು. ಒಂದು ವಾರ ಸದ್ದಿರಲಿಲ್ಲ. ಎಂಟನೆಯ ದಿನ ಅದೇ ನರಳಾಟ. ಎರಡನೆಯ ಸಲ ಹೋದಾಗ, ಹಾಗಾದರೆ ಇಡೀ ಸ್ಟೀರಿಂಗ್ ಅಸೆಂಬ್ಲಿಯನ್ನೇ ಬದಲಿಸಬೇಕು ಎಂಬ ಉತ್ತರ ಬಂತು. ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ, ಮಗಳ ಕಾಲೇಜು ಫೀಸಿಗೆಂದು ಸೊಸೈಟಿಯಲ್ಲಿಟ್ಟಿದ್ದ ಹಣಕ್ಕೆ ಹೆಚ್ಚುಕಡಿಮೆ ಸಮವಾಗಿತ್ತು. ಆ ಚೀಟಿ ಅಂಗಿಯ ಜೇಬಿನಲ್ಲೇ ನಾಲ್ಕು ದಿನ ಉಳಿಯಿತು.

ಮಗ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುತ್ತಿದ್ದ. ಭಾನುವಾರ ಊರಿಗೆ ಬಂದವನು ಚೀಟಿ ನೋಡಿ ಕೇಳಿದ್ದು ಒಂದೇ ಮಾತು: "ಅಪ್ಪ, ಗಾಡಿ ಯಾವಾಗ ಬಿಗಿಯಾಗುತ್ತೆ?"

"ಯಾವಾಗ ಅಂದ್ರೆ? ತಿರುಗಿಸಿದಾಗ!" ಎಂದು ತಂದೆ ರೇಗಿದರು.

ರೇಗುವುದು ಸಹಜವೇ. ಆದರೆ ಹುಡುಗನ ಪ್ರಶ್ನೆ ಸುಮ್ಮನೆ ಕೇಳಿದ್ದಾಗಿರಲಿಲ್ಲ. ಪವರ್ ಸ್ಟೀರಿಂಗಿನ ರೋಗ ಹಿಡಿಯುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಹಳೆಯ ಗಾಡಿಗಳ ಪವರ್ ಸ್ಟೀರಿಂಗ್ ಎಂದರೆ ಎಣ್ಣೆಯ ಬಲ. ಎಂಜಿನ್ ತಿರುಗಿದಾಗ, ಸಾಮಾನ್ಯವಾಗಿ ಒಂದು ಬೆಲ್ಟಿನ ಮೂಲಕ, ಸಣ್ಣ ಪಂಪೊಂದು ತಿರುಗುತ್ತದೆ. ಅದು ಡಬ್ಬಿಯಿಂದ ಎಣ್ಣೆ ಹೀರಿ, ಗಟ್ಟಿ ಪೈಪಿನಲ್ಲಿ ಸ್ಟೀರಿಂಗ್ ಬಾಕ್ಸಿಗೆ ನೂಕುತ್ತದೆ. ಚಾಲಕ ಎಡಕ್ಕೆ ತಿರುಗಿಸಿದರೆ ಒಳಗಿನ ವಾಲ್ವು ಎಣ್ಣೆಯನ್ನು ಪಿಸ್ಟನ್ನಿನ ಒಂದು ಮಗ್ಗುಲಿಗೆ, ಬಲಕ್ಕೆ ತಿರುಗಿಸಿದರೆ ಇನ್ನೊಂದು ಮಗ್ಗುಲಿಗೆ ಬಿಡುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲ್ ನಿಯಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರೆಲ್ಲ ಓದಿದ್ದು ಇದನ್ನೇ. ನಿಂತ ಗಾಡಿಯ ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಈ ಒತ್ತಡ ಟೈರಿನ ಗಾಳಿಯ ಒತ್ತಡದ ಸುಮಾರು 30 ಪಟ್ಟು ಮುಟ್ಟಬಲ್ಲದು.

ಲಾರಿ ಚಾಲಕರು ಪಡುತ್ತಿದ್ದ ಪಾಡೇ ಇದರ ಹುಟ್ಟಿಗೆ ಕಾರಣ. ಅಮೆರಿಕದ ಪಿಯರ್ಸ್-ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಕೆಲಸ ಬಿಟ್ಟು ಇದನ್ನು ರೂಪಿಸಿ, 1926ರಲ್ಲಿ ಕಾರೊಂದಕ್ಕೆ ಅಳವಡಿಸಿ ತೋರಿಸಿದ. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಕಾಲು ಶತಮಾನ ಕಾಯುವ ತಾಳ್ಮೆ ಆತನಿಗಿತ್ತು! ಈಗಿನ ಹೊಸ ಕಾರುಗಳಲ್ಲಿ ಹೆಚ್ಚಿನವು ಎಣ್ಣೆಯನ್ನು ಬಿಟ್ಟು ವಿದ್ಯುತ್ ಮೋಟಾರಿಗೆ ಬಂದಿವೆ. ಅವುಗಳ ದೋಷವನ್ನು ಕಂಪ್ಯೂಟರ್ ಹೇಳುತ್ತದೆ. ಹಳೆಯ ಗಾಡಿಯ ದೋಷವನ್ನು ಕಿವಿ, ಕೈ, ಕಣ್ಣುಗಳೇ ಹೇಳಬೇಕು.

ಹಾಗಾಗಿ "ಯಾವಾಗ" ಎಂಬುದು ಮುಖ್ಯ. ಪೂರ್ತಿ ತಿರುಗಿಸಿದಾಗ ಮಾತ್ರ ಕೀಚ್ ಎಂದರೆ ಬೆಲ್ಟು ಸಡಿಲ. ಎಂಜಿನ್ ನಿಧಾನವಿದ್ದಾಗ ಬಿಗಿ, ಆಕ್ಸಿಲರೇಟರ್ ಒತ್ತಿದರೆ ಹಗುರ ಎಂದಾದರೆ ಬೆಲ್ಟು ಅಥವಾ ಪಂಪಿನ ಮೇಲೆ ಅನುಮಾನ. ಒಂದೇ ಕಡೆಗೆ ಬಿಗಿ ಎಂದರೆ ಬಾಕ್ಸಿನ ಒಳಗೆ ನೋಡಬೇಕು. ಇನ್ನು ಮುಂದಿನ ಚಕ್ರಗಳನ್ನು ಜಾಕಿಯಿಂದ ಎತ್ತಿ, ಎಂಜಿನ್ ಬಂದ್ ಮಾಡಿ ತಿರುಗಿಸಿದಾಗಲೂ ಎಲ್ಲೋ ಕಚ್ಚಿ ಹಿಡಿದಂತಾದರೆ ಅದಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಕೀಲುಗಳು ತುಕ್ಕು ಹಿಡಿದಿರಬೇಕು. ಎಲ್ಲಕ್ಕಿಂತ ಮೊದಲು ಟೈರಿನ ಗಾಳಿ ನೋಡಬೇಕು. ಗಾಳಿ ಕಡಿಮೆಯಿದ್ದುದಕ್ಕೆ ಸ್ಟೀರಿಂಗ್ ಬಿಚ್ಚಿಸಿಕೊಂಡವರೂ ಇದ್ದಾರೆ.

ತಂದೆ ಯೋಚಿಸಿ ಹೇಳಿದರು: ಬೆಳಗಿನ ಚಳಿಯಲ್ಲಿ ಸದ್ದು ಹೆಚ್ಚು, ಎರಡೂ ಕಡೆಗೆ ಬಿಗಿ, ಆದರೆ ಒಮ್ಮೊಮ್ಮೆ ತಾನಾಗಿಯೇ ಹಗುರಾಗುತ್ತದೆ. ನೆಲದ ಮೇಲೆ ಎಣ್ಣೆಯ ಒಂದು ಹನಿಯೂ ಇಲ್ಲ.

ಹುಡುಗ ಬೆಲ್ಟು ಒತ್ತಿ ನೋಡಿದ, ಸರಿಯಾಗಿತ್ತು. ಎಂಜಿನ್ ಚಾಲೂ ಮಾಡಿಸಿ, ತಂದೆ ಸ್ಟೀರಿಂಗ್ ತಿರುಗಿಸುತ್ತಿರುವಂತೆ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ. ಕೆಂಪಗೆ, ತಿಳಿಯಾಗಿರಬೇಕಾದ ಎಣ್ಣೆ ಗುಲಾಬಿ ಬಣ್ಣದ ನೊರೆಯಾಗಿತ್ತು. ಎಂಜಿನ್ ಬಂದ್ ಮಾಡಿಸಿದ ಕೂಡಲೇ ಡಬ್ಬಿಯಲ್ಲಿ ಎಣ್ಣೆಯ ಮಟ್ಟ ಕಣ್ಣೆದುರೇ ಏರಿತು. ಒಳಗೆ ಗಾಳಿ ಸೇರಿದ್ದರ ಗುರುತು ಇದು: ಒತ್ತಿ ಹಿಡಿದ ಗಾಳಿ, ಪಂಪು ನಿಂತೊಡನೆ ಹಿಗ್ಗಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ.

ಹನಿಯೂ ಸೋರದೆ ಗಾಳಿ ಹೊಕ್ಕಿದ್ದು ಹೇಗೆ? ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದವರಿಗೆ ಇದು ಗೊತ್ತು. ಎಳನೀರು ತೂತಿನಿಂದ ಹೊರಗೆ ಚೆಲ್ಲುವುದಿಲ್ಲ. ಗಾಳಿಯೇ ಒಳಗೆ ಬಂದು ಬಾಯಲ್ಲಿ ಗೊರಗೊರ ಎನ್ನುತ್ತದೆ. ಡಬ್ಬಿಯಿಂದ ಪಂಪಿಗೆ ಹೋಗುವ ಹೀರುವ ಪೈಪಿನ ಪಾಡೂ ಅಷ್ಟೇ. ಚಳಿಗೆ ಎಣ್ಣೆ ಮಂದವಾದಾಗ ಪಂಪು ಇನ್ನೂ ಜೋರಾಗಿ ಹೀರಬೇಕು, ಆಗ ಗಾಳಿಯೂ ಹೆಚ್ಚು, ಸದ್ದೂ ಹೆಚ್ಚು. ಹೊಸ ಪಂಪು ಹಾಕುವಾಗ ಎಣ್ಣೆ ಬದಲಿಸಿ ಗಾಳಿ ತೆಗೆದಿದ್ದರಿಂದ ಒಂದು ವಾರ ಸದ್ದಡಗಿತ್ತು. ಪೈಪು ಮಾತ್ರ ಹಳೆಯದೇ ಉಳಿದಿತ್ತು.

ಬಿಚ್ಚಿ ನೋಡಿದರೆ, ಬಾಯಿಯ ಬಳಿ ರಬ್ಬರು ಒಣ ಹಲಸಿನ ಸಿಪ್ಪೆಯಷ್ಟು ಗಟ್ಟಿ. ಕ್ಲಿಪ್ಪು ಬಿಗಿದಿದ್ದ ಜಾಗದಲ್ಲೇ ಕೂದಲೆಳೆಯಂಥ ಬಿರುಕು. ಊರ ಗ್ಯಾರೇಜಿನ ಮೇಸ್ತ್ರಿ ಅದನ್ನು ಬಗ್ಗಿಸಿ ನೋಡಿ, "ಹುಡುಗ ಹೇಳಿದ್ದು ಸರಿ ಮಾರಾಯ್ರೆ" ಎಂದರು.

ಪೈಪು, ಎರಡು ಕ್ಲಿಪ್ಪು, ಎಣ್ಣೆ: ಚೀಟಿಯ ಮೊತ್ತದ ಪಕ್ಕದಲ್ಲಿ ಇವುಗಳ ಬೆಲೆ ಬಸ್ ಚಾರ್ಜು. ಇಲ್ಲಿ ಒಂದು ಎಚ್ಚರಿಕೆ ಬೇಕು. ಪೈಪು ಎಣ್ಣೆ ತಡೆಯುವ ರಬ್ಬರಿನದೇ ಆಗಿರಬೇಕು. ನೀರಿನ ಪೈಪಿನ ತುಂಡು ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ಯಾವ ಎಣ್ಣೆ ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ, ಅದನ್ನೇ ಹಾಕಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಇನ್ನು ಪಂಪಿನಿಂದ ಬಾಕ್ಸಿಗೆ ಹೋಗುವ ಒತ್ತಡದ ಪೈಪಿಗೆ ತೇಪೆ ಹಾಕುವ ಧೈರ್ಯ ಯಾರೂ ಮಾಡಬಾರದು. ಅದು ಒಡೆದರೆ ಎಣ್ಣೆ ಚಿಮ್ಮಿ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಬೆಂಕಿ ಹತ್ತಬಹುದು.

ಹೊಸ ಪೈಪು ಕೂರಿಸಿ, ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಎಂಜಿನ್ ಚಾಲೂ ಮಾಡದೆಯೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಇಪ್ಪತ್ತು ಸಲ ತಿರುಗಿಸಿದರು. ಗುಳ್ಳೆಗಳು ಎದ್ದೆದ್ದು ಒಡೆದವು, ಎಣ್ಣೆ ಇಳಿದಂತೆಲ್ಲ ಮಗ ತುಂಬಿಸಿದ. ಆಮೇಲೆ ಎಂಜಿನ್ ಚಾಲೂ ಮಾಡಿ ಮತ್ತಷ್ಟು ಸಲ. ಕೊನೆಯ ತುದಿಯಲ್ಲಿ ಕೆಲವು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು, ಪಂಪು ಕಾದು ಸವೆಯುತ್ತದೆ. ಅರ್ಧ ಗಂಟೆಯಲ್ಲಿ ಎಣ್ಣೆ ತಿಳಿಯಾಯಿತು. ಗುಂಯ್ ಎಂಬುದು ಇಲ್ಲ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮೇಸ್ತ್ರಿ ಬಾಕ್ಸನ್ನು ಡೀಸೆಲ್‌ನಿಂದ ತೊಳೆದು, ಒರೆಸಿ, ಪೌಡರ್ ಉದುರಿಸಿ ಗಾಡಿ ಓಡಿಸಲು ಹೇಳಿದರು. ವಾಪಸು ಬಂದಾಗ ಕೆಳಗಿನ ಸೀಲಿನ ಸುತ್ತ ಪೌಡರ್ ಒದ್ದೆಯಾಗಿತ್ತು. ನೆಲ ಮುಟ್ಟುವಷ್ಟಲ್ಲ, ಬೆವರಿನಷ್ಟು. ದೊಡ್ಡ ವರ್ಕ್‌ಶಾಪಿನವರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಅದಕ್ಕೆ ಬೇಕಾದದ್ದು ಸೀಲ್ ಕಿಟ್ಟು, ಇಡೀ ಅಸೆಂಬ್ಲಿಯಲ್ಲ.

"ಇದು ಇನ್ನೊಂದು ವರ್ಷ ಬರುತ್ತೆ ಬಿಡೋ" ಎಂದರು ತಂದೆ.

"ಬರಬಹುದು ಅಪ್ಪ. ಆದ್ರೆ ಘಾಟಿ ಇಳೀವಾಗ ಎಣ್ಣೆ ಖಾಲಿಯಾದ್ರೆ?"

ಎಣ್ಣೆ ಹೋದರೂ ಚಕ್ರ ತಿರುಗುತ್ತದೆ, ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ನಂಟು ಉಳಿದೇ ಇರುತ್ತದೆ. ಆದರೆ ಹೇರ್‌ಪಿನ್ನಿನ ನಡುವೆ, ಹಿಂದಿನ ಸೀಟಿನಲ್ಲಿ ರೋಗಿ ಮಲಗಿರುವಾಗ, ಆ ಭಾರ ಒಮ್ಮೆಲೇ ತೋಳಿಗೆ ಬಂದರೆ ಆಗುವುದು ಏನೆಂದು ತಂದೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರು ಉತ್ತರಿಸಲಿಲ್ಲ.

ಹುಡುಗ ಹೊರಡುವ ಮುನ್ನ ಡಬ್ಬಿಯ ಮೇಲೆ ಎಣ್ಣೆಯ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು, ಬೆಳಗ್ಗೆ ಗಾಡಿ ತಣ್ಣಗಿರುವಾಗ ನೋಡಲು ಹೇಳಿಹೋದ. ಮಗಳ ಫೀಸು ಆ ವಾರವೇ ಕಟ್ಟಿದ್ದಾಯಿತು. ಎರಡು ವಾರದ ಮೇಲೆ ಎಣ್ಣೆ ಗೆರೆಯಿಂದ ಒಂದು ಬೆರಳಿನ ಅರ್ಧದಷ್ಟು ಇಳಿದಿತ್ತು. ಅಂದು ಸಂಜೆ ಮಣಿಪಾಲಕ್ಕೆ ಬಾಡಿಗೆ ಕೇಳಿಕೊಂಡು ಬಂದವರಿಗೆ ತಂದೆ ಪಕ್ಕದೂರಿನ ಇನ್ನೊಬ್ಬ ಚಾಲಕರ ನಂಬರು ಕೊಟ್ಟು ಕಳಿಸಿದರು. ಆಮೇಲೆ ಮೇಸ್ತ್ರಿಗೆ ಫೋನ್ ಮಾಡಿ ಸೀಲ್ ಕಿಟ್ಟಿಗೆ ಎಷ್ಟಾಗುತ್ತದೆ ಎಂದು ಕೇಳಿದರು.