ಹುಟ್ಟಿನಿಂದ ಬಂದದ್ದು

1989ರ ಮಳೆಗಾಲದಲ್ಲಿ ಚಿಕ್ಕಪ್ಪ ಸೈನ್ಯದಿಂದ ಸೋಮವಾರಪೇಟೆಗೆ ವಾಪಸಾದಾಗ ಅವರ ಜೊತೆ ಬಂದದ್ದು ಒಂದು ಕಪ್ಪು ಟ್ರಂಕು, ಒಂದು ಹೋಲ್ಡಾಲು, ಇಂಗ್ಲಿಷಿನಲ್ಲಿ ಟೈಪಾದ ಐದಾರು ಹಾಳೆ. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಎಂಟು ವರ್ಷದ ಸರ್ವಿಸು. ಕೊನೆಯ ಪೋಸ್ಟಿಂಗು ಶಾಂತಿಪಾಲನಾ ಪಡೆಯೊಂದಿಗೆ ಜಾಫ್ನಾದಲ್ಲಿ, ನೆಲಬಾಂಬು ಹುಡುಕಿ ತೆಗೆಯುವ ಕೆಲಸ.

ಹಾಳೆಗಳನ್ನು ಓದಿಸಲು ಅಪ್ಪ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರನ್ನು ಕರೆಸಿದರು. ‘ಸ್ಕಿಜೋಫ್ರೇನಿಯಾ’ ಅವರ ಬಾಯಿಗೂ ತೊಡಕಾಯಿತು. ಅದರ ಪಕ್ಕದಲ್ಲಿ ‘ಕಾನ್‌ಸ್ಟಿಟ್ಯೂಷನಲ್’ ಎಂದಿತ್ತು.

“ಕಾನ್‌ಸ್ಟಿಟ್ಯೂಷನ್ ಅಂದ್ರೆ ಸಂವಿಧಾನ ಅಲ್ವಾ ಮೇಷ್ಟ್ರೆ? ಅದಕ್ಕೂ ಇವನ ತಲೆಗೂ ಏನ್ ಸಂಬಂಧ?” ಅಂದರು ಅಪ್ಪ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಹುಟ್ಟಿನಿಂದಲೇ ಬಂದದ್ದು ಅಂತ. ಮಿಲಿಟ್ರಿಯಿಂದ ಬಂದದ್ದಲ್ಲ ಅಂತ ಬರೆದಿದಾರೆ.”

ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದರು. “ನಾನ್ ಹೆತ್ತದ್ದೇ ಸರಿಯಿಲ್ಲ ಅಂತಾರಾ? ಸೇರಿಸ್ಕೊಳ್ಳೋವಾಗ ಬಟ್ಟೆ ಬಿಚ್ಚಿಸಿ, ಹಲ್ಲು ಎಣಿಸಿ ನೋಡಿದ್ರಲ್ಲ, ಆಗ ಕಾಣ್ಲಿಲ್ವಂತಾ?”

ಆ ಒಂದು ಪದದ ಬೆಲೆ ನಮಗೆ ಗೊತ್ತಾದದ್ದು ನಿಧಾನವಾಗಿ. ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಕಾಯಿಲೆ ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಪ್ರಮಾಣ ಶೇ 20ಕ್ಕೆ ಕಡಿಮೆ ಇರಬಾರದು. ಎರಡೂ ಅಲ್ಲ ಎಂದು ವೈದ್ಯಕೀಯ ಮಂಡಳಿ ಬರೆದರೆ ಅದನ್ನು ಇಂಗ್ಲಿಷಿನ ನಾಲ್ಕು ಮೊದಲಕ್ಷರ ಕೂಡಿಸಿ ‘ನಾನಾ’ ಅನ್ನುತ್ತಾರೆ. ಹತ್ತು ವರ್ಷದ ಸೇವೆ ತುಂಬದ ಚಿಕ್ಕಪ್ಪನಿಗೆ ‘ನಾನಾ’ ಅಂದರೆ ಒಂದಷ್ಟು ಗ್ರಾಚ್ಯುಟಿ, ಪಿಂಚಣಿ ಸೊನ್ನೆ.

ಅವರಿಗೆ ಇದ್ದದ್ದಾದರೂ ಏನು? ತೋಟದ ದಾರಿಯಲ್ಲಿ ಸಿಲ್ವರ್ ಓಕಿನ ಎಲೆ ಉದುರಿ ಬಿದ್ದಿದ್ದರೆ ಅದರ ಮೇಲೆ ಕಾಲಿಡುತ್ತಿರಲಿಲ್ಲ. ಕೈಯಲ್ಲೊಂದು ಕೋಲು, ಎಲೆರಾಶಿಯನ್ನು ಓರೆಯಾಗಿ, ಬಹಳ ಮೆಲ್ಲಗೆ ಚುಚ್ಚಿ ನೋಡಿ, ಆಮೇಲೆ ಒಂದು ಹೆಜ್ಜೆ. ಗೇಟಿನಿಂದ ಕಣದವರೆಗಿನ ಐದು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಕೆಲಸದವರ ಮಕ್ಕಳು ಹಿಂದೆ ನಿಂತು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಊರಿನವರ ರೋಗನಿರ್ಣಯ ಇನ್ನೂ ಸುಲಭದ್ದು: ರಮ್ಮು ಜಾಸ್ತಿಯಾಗಿದೆ. ಕುಡಿಯುತ್ತಿದ್ದದ್ದು ಸುಳ್ಳಲ್ಲ, ನಿದ್ದೆ ಬರಲೆಂದು. ಆದರೆ ಕುಡಿತದಿಂದಾದ ಕಾಯಿಲೆಗೆ ನಿಯಮದಲ್ಲೇ ಪರಿಹಾರವಿಲ್ಲ. ಕುಡಿತ ಮೊದಲೋ ನಿದ್ದೆಗೇಡು ಮೊದಲೋ ಎಂದು ಯಾರಾದರೂ ಕೇಳಿದರಲ್ಲವೇ ಗೊತ್ತಾಗುವುದು.

ತಪ್ಪೆಲ್ಲ ಮಂಡಳಿಯ ತಲೆಗೆ ಕಟ್ಟಲಾರೆ. ಅಮೆರಿಕದ ಮನೋವೈದ್ಯರು ವಿಯೆಟ್ನಾಂನಿಂದ ಮರಳಿದವರನ್ನು ನೋಡಿ, ಆಘಾತದ ನಂತರದ ಒತ್ತಡದ ಕಾಯಿಲೆಯನ್ನು, ಅಂದರೆ ಪಿಟಿಎಸ್‌ಡಿಯನ್ನು, ತಮ್ಮ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಅದು ಬಂದದ್ದು ತೊಂಬತ್ತರ ದಶಕದಲ್ಲಿ. ಇತ್ತ ಚಿಕ್ಕಪ್ಪನೂ ಬಾಯಿ ಬಿಡುವ ಆಸಾಮಿಯಲ್ಲ. ಮಂಡಳಿಯ ಮುಂದೆ ಏನು ಹೇಳಿದಿರಿ ಎಂದು ಒಮ್ಮೆ ಕೇಳಿದ್ದೆ. “‘ಠೀಕ್ ಹೂಂ ಸಾಬ್’ ಅಂದೆ. ಇನ್ನೇನ್ ಹೇಳೋದು?” ಅಂದರು. ಎಲೆರಾಶಿಯ ಸಂಗತಿ ಯಾವ ಹಾಳೆಯಲ್ಲೂ ಇಲ್ಲ.

1996ರಲ್ಲಿ ಅಪ್ಪ ಅವರನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಒಂದು ಗಂಟೆ ಕೂರಿಸಿಕೊಂಡು ಕೇಳಿದರಂತೆ, ಚೀಟಿಯಲ್ಲಿ ಬೇರೆ ಹೆಸರು ಬರೆದರು. ಮಾತ್ರೆ ಬದಲಾಯಿತು, ನಿದ್ದೆ ಸ್ವಲ್ಪ ಬಂತು. ಪಿಂಚಣಿಗೆ ಮಾತ್ರ ಅದು ಉಪಯೋಗಕ್ಕೆ ಬರಲಿಲ್ಲ: ಮೇಲ್ಮನವಿಯ ಅವಧಿ ಎಂದೋ ಮುಗಿದಿತ್ತು, ಹೈಕೋರ್ಟಿಗೆ ಹೋಗುವ ತಾಕತ್ತು ನಮಗಿರಲಿಲ್ಲ. 2006ರಲ್ಲಿ ಚಿಕ್ಕಪ್ಪ ತೀರಿಕೊಂಡರು, ಲಿವರಿನಿಂದ.

ಅಜ್ಜಿಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಎತ್ತಿಕೊಂಡದ್ದು 2013ರ ಜುಲೈನಲ್ಲಿ. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಅದು ಹೇಳಿದ್ದು ಇಷ್ಟು: ಸೇರುವಾಗ ಕಾಯಿಲೆಯ ನಮೂದಿಲ್ಲದಿದ್ದರೆ ಸೈನಿಕ ಆರೋಗ್ಯವಾಗಿದ್ದನೆಂದೇ ತಿಳಿಯಬೇಕು, ಅಲ್ಲ ಅನ್ನುವವರು ಕಾರಣ ಕೊಡಬೇಕು. ಅದೇ ತಿಂಗಳು ವೀರ್‌ಪಾಲ್ ಸಿಂಗ್ ಪ್ರಕರಣ. 1977ರಲ್ಲಿ ಸ್ಕಿಜೋಫ್ರೇನಿಯಾದ ಹೆಸರಿನಲ್ಲಿ ಮನೆಗೆ ಕಳಿಸಲ್ಪಟ್ಟ ಸಿಗ್ನಲ್ಸ್‌ನ ಸೈನಿಕ. ಆ ನಿರ್ಣಯಕ್ಕೆ ಆಧಾರ ಸಾಲದೆಂದು ಕೋರ್ಟು ಮರುಪರಿಶೀಲನಾ ಮಂಡಳಿ ಕೂರಿಸಲು ಹೇಳಿತು. 2019ರಲ್ಲಿ ಗಾಳಿ ಕೊಂಚ ತಿರುಗಿತು: ಮಾನಸಿಕ ಕಾಯಿಲೆ ಭರ್ತಿಯ ವೇಳೆ ಕಾಣದೆಯೂ ಇರಬಹುದು, ಹಾಗಾಗಿ ಪಿಂಚಣಿ ತಾನಾಗಿ ಬರುವುದಿಲ್ಲ ಎಂದಿತು ಅದೇ ಕೋರ್ಟು. ಇದೂ ನ್ಯಾಯದ ಮಾತೇ. 2025ರ ಮೇ ತಿಂಗಳಲ್ಲಿ, ಮತ್ತೊಂದು ಸ್ಕಿಜೋಫ್ರೇನಿಯಾ ಪ್ರಕರಣದಲ್ಲಿ, ಕಾರಣ ಬರೆಯದ ಮಂಡಳಿಯ ಅಭಿಪ್ರಾಯ ನಿಲ್ಲದು ಎಂದು ತೀರ್ಪಾಯಿತು.

ನಮ್ಮ ಪಕ್ಕದ ಮನೆಯ ಹುಡುಗ 2022ರಲ್ಲಿ ಹವಾಲ್ದಾರನಾಗಿ ನಿವೃತ್ತಿಯಾದ. ಮಂಡಳಿಗೆ ಹೋಗುವ ಮುಂಚೆ ಅವನನ್ನು ಕೂರಿಸಿಕೊಂಡು ಎರಡು ಸಂಜೆ ಬರೆಸಿದೆ: ಯಾವ ವರ್ಷ ಎಲ್ಲಿದ್ದೆ, ಏನು ನಡೆಯಿತು, ಯಾವಾಗಿನಿಂದ ನಿದ್ದೆ ಇಲ್ಲ, ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ. ಮೊದಮೊದಲು “ಇದೆಲ್ಲಾ ಯಾಕಣ್ಣ” ಅಂದ. ಅವನಿಗೂ ‘ನಾನಾ’ ಬಂತು, ಶೇ 40 ಎಂದು. ಆದರೆ ಈ ಸಲ ಮೇಲ್ಮನವಿ ಅವಧಿಯೊಳಗೇ ಹೋಯಿತು. ಗೆದ್ದರೆ 2014ರ ರಾಮ್ ಅವತಾರ್ ತೀರ್ಪಿನಂತೆ ಶೇ 50 ಎಂದು ಲೆಕ್ಕ. ಸೋತರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ. ಚಿಕ್ಕಪ್ಪನ ಕಾಲಕ್ಕೆ ಅದೂ ಇರಲಿಲ್ಲ, 2009ರಲ್ಲಿ ಶುರುವಾದದ್ದು.

ಸರ್ವಿಸಿನಲ್ಲಿರುವ ಹುಡುಗರಿಗೆ, ಅವರ ಮನೆಯವರಿಗೆ ಎರಡು ಮಾತು. ನಿದ್ದೆ ಕೆಟ್ಟಾಗಲೇ ಯೂನಿಟ್ಟಿನ ಡಾಕ್ಟರಿಗೆ ಹೇಳಿ ಬರೆಸಿಕೊಳ್ಳಿ. ಟೆಲಿ ಮಾನಸ್‌ನ 14416 ಇದೆ, ಸೈನ್ಯದವರಿಗೆಂದೇ ಪುಣೆಯಲ್ಲಿ ಅದರ ಘಟಕವಿದೆ. ಬಿಟ್ಟು ಬರುವಾಗ ಮಂಡಳಿಯ ಹಾಳೆಯ ಪ್ರತಿ ತೆಗೆದುಕೊಂಡೇ ಬನ್ನಿ. ಅವರ ಮುಂದೆ ನಿಂತಾಗ ಮಾತ್ರ ದಯವಿಟ್ಟು ‘ಠೀಕ್ ಹೂಂ ಸಾಬ್’ ಅನ್ನಬೇಡಿ.