ಹೊಗೆಯ ರುಚಿ

ಒಂಬತ್ತು ವರ್ಷ ನಾನು ಅವ್ವನಿಗೆ ಗ್ಯಾಸ್ ಒಲೆ ಕೊಡಿಸಲಿಲ್ಲ. ಕೈಯಲ್ಲಿ ದುಡ್ಡಿತ್ತು, ಕುಣಿಗಲ್ಲಿನಲ್ಲಿ ಏಜೆನ್ಸಿಯಿತ್ತು, ಅವ್ವ ಬಾಯಿಬಿಟ್ಟು ಕೇಳಿಯೂ ಇದ್ದಳು. ಆದರೂ ಕೊಡಿಸಲಿಲ್ಲ. ಅವಳು ತೀರಿಕೊಂಡು ಇಷ್ಟು ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ನಮ್ಮ ಮನೆಗೆ ಗ್ಯಾಸ್ ಬಂದದ್ದು 1988ರಲ್ಲಿ. ಹೆಸರು ಬರೆಸಿ ಮೂರು ವರ್ಷ ಕಾದಿದ್ದೆವು. 14.2 ಕೆಜಿಯ ಆ ಕೆಂಪು ಸಿಲಿಂಡರನ್ನು ಒಳಗೆ ತಂದ ದಿನ ಹೆಂಡತಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಅಲ್ಲಿಯವರೆಗೆ ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆದು, ಪಿನ್ನು ಹಾಕಿ, ರೇಷನ್ ಅಂಗಡಿ ಮುಂದೆ ಕ್ಯಾನು ಹಿಡಿದು ನಿಂತವರು ನಾವು. ಈಗ ತಿರುಗಿಸಿ ಕಡ್ಡಿ ಗೀರಿದರೆ ಸಾಕು, ನೀಲಿ ಉರಿ. ಒಂದೇ ತಿಂಗಳಲ್ಲಿ ಅದಿಲ್ಲದ ಅಡುಗೆಮನೆಯನ್ನು ನೆನೆಸಿಕೊಳ್ಳಲೂ ಆಗದಂತಾಯಿತು. ಸಿಲಿಂಡರ್ ಬರುವುದು ನಾಲ್ಕು ದಿನ ತಡವಾದರೆ ಏಜೆನ್ಸಿಗೆ ಹೋಗಿ ದನಿ ಏರಿಸುತ್ತಿದ್ದೆ.

ಅವ್ವ ಕೇಳಿದ್ದು 1995ರ ಸಂಕ್ರಾಂತಿಯ ಹೊತ್ತಿಗೆ. ಅವರೆಕಾಯಿ ಕಾಲ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದುಗೊಳವೆ ಹಿಡಿದಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ನಮಗೂ ಒಂದು ಗ್ಯಾಸ್ ಹಾಕಿಸಿಕೊಡ್ತೀಯೇನಪ್ಪ? ಸಂಜೆಯಾದ್ರೆ ಕಣ್ಣು ಬಿಡಕ್ಕಾಗಲ್ಲ” ಅಂದಳು.

“ಅಯ್ಯೋ ಅವ್ವ, ಈ ಸಾರಿನ ರುಚಿ ಗ್ಯಾಸಲ್ಲಿ ಎಲ್ಲಿ ಬರುತ್ತೆ?” ಅಂದೆ ನಾನು.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ಸರಿ ಅನ್ನು” ಎಂದು ಇನ್ನೊಂದು ಕುರುಂಬಾಳೆಯನ್ನು ಒಲೆಗೆ ತುರುಕಿದಳು. ಮಗನಿಗೆ ಸಾರು ಇಷ್ಟ ಎಂದಮೇಲೆ ಅವಳು ಮತ್ತೆ ಕೇಳುವವಳಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ವರ್ಷದ ನಂತರ ವಿಶೇಷಾಂಕವೊಂದಕ್ಕೆ ಸೌದೆ ಒಲೆಯ ಅಡುಗೆಯನ್ನು ಹೊಗಳಿ ಲೇಖನ ಬರೆದೆ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಮಣ್ಣಿನ ಮಡಕೆ, ಕೆಂಡದಲ್ಲಿ ಸುಟ್ಟ ಬದನೆಕಾಯಿ, ಬಸ್ಸಾರು, ಬಿಸಿಮುದ್ದೆ, ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, “ಹೊಗೆ ವಿಷಯ ಬರೀಲಿಲ್ವಾ?” ಎಂದಳು. ಆ ಲೇಖನ ಮೆಚ್ಚಿ ನಾಲ್ಕಾರು ಜನ ಕಾಗದ ಬರೆದಿದ್ದರು. ಅವರ ಒಂದು ಮಾತೂ ನೆನಪಿಲ್ಲ. ಅವ್ವನ ಮಾತು ಹೋಗಿಲ್ಲ.

ತಿಳಿವಳಿಕೆ ಇರಲಿಲ್ಲ ಎನ್ನುವಂತೆಯೂ ಇಲ್ಲ. ಒಲೆಯ ವಿಷಯದಲ್ಲಿ ದೊಡ್ಡ ಕೆಲಸ ನಡೆದದ್ದೇ ನಮ್ಮ ತಾಲ್ಲೂಕಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ ‘ಅಸ್ತ್ರ’ ಎಂಬ ತಂಡದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಮನೆಮನೆಯ ಇಂಧನದ ಲೆಕ್ಕ ಹಾಕಿದ್ದರು. ಊರು ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಸೌದೆಯಲ್ಲಿ ಬಹುಪಾಲು ಅಡುಗೆಯದು, ಅದನ್ನು ಆಯ್ದು ಹೊತ್ತು ತರುವುದರಲ್ಲೇ ಹೆಂಗಸರು ಮಕ್ಕಳ ಹೊತ್ತು ಗಂಟೆಗಟ್ಟಲೆ ಕಳೆಯುತ್ತದೆ ಎಂದು ತೋರಿಸಿಕೊಟ್ಟರು. ಆಮೇಲೆ ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿದರು. ಸೌದೆ ಪೂರ್ತಿ ಉರಿಯದಿದ್ದಾಗ ಏಳುವುದೇ ಹೊಗೆ. ನಾನು ರುಚಿ ಎಂದು ಹೊಗಳಿದ್ದರಲ್ಲಿ ಅದರ ಪಾಲೂ ಇತ್ತು. ಇದನ್ನೆಲ್ಲ ಓದಿ, ನಮ್ಮ ತಾಲ್ಲೂಕು ಎಂಬ ಅಭಿಮಾನದಿಂದ ಗೆಳೆಯರಿಗೆ ಹೇಳುತ್ತಿದ್ದೆ. ಅಸ್ತ್ರ ಒಲೆಯನ್ನಾದರೂ ಅವ್ವನಿಗೆ ಹಾಕಿಸಿಕೊಡೋಣ ಎಂದು ಒಂದು ಸಲವೂ ಅನ್ನಿಸಲಿಲ್ಲ.

2004ರ ಮಳೆಗಾಲದಲ್ಲಿ ಅವ್ವನ ಕಣ್ಣಿನ ಪೊರೆಗೆ ಆಪರೇಷನ್ ಆಯಿತು. ಪೊರೆ ಬರಲು ವಯಸ್ಸೂ ಕಾರಣ, ಅಷ್ಟು ವರ್ಷ ಕುಡಿದ ಹೊಗೆಯೂ ಇರಬಹುದು ಎಂದರು ಡಾಕ್ಟರು. ಒಂದು ತಿಂಗಳು ಒಲೆಯ ಹತ್ತಿರ ಸುಳಿಯಬಾರದು ಎಂದರು. ನಾನು ರಜೆ ಹಾಕಿ ಊರಲ್ಲಿ ಉಳಿದೆ, ಒಲೆ ಹಚ್ಚಿದೆ. ಸೌದೆ ತೇವ ಹಿಡಿದಿತ್ತು. ಊದಿದಷ್ಟೂ ಹೊಗೆ. ಕಣ್ಣು, ಮೂಗು, ಗಂಟಲು ಉರಿದು ಹಿತ್ತಿಲಿಗೆ ಓಡಿ ಬರುತ್ತಿದ್ದೆ. ಎದೆ ಕಟ್ಟಿ ರಾತ್ರಿ ನಿದ್ದೆ ಬರಲಿಲ್ಲ. ಎರಡು ದಿನ ಹೇಗೋ ತಳ್ಳಿದೆ. ಮೂರನೆಯ ದಿನ ಮೊದಲ ಬಸ್ಸಿಗೇ ಏಜೆನ್ಸಿಗೆ ಹೋದೆ.

ಅವ್ವನ ಕಣ್ಣಿನ ಸಲುವಾಗಿ ಎಂದು ಊರಿನವರಿಗೆಲ್ಲ ಹೇಳಿದೆ. ಹೋದದ್ದು ನನ್ನ ಕಣ್ಣು ಉರಿದದ್ದಕ್ಕೆ. ಒಂಬತ್ತು ವರ್ಷ ಅವಳ ಕಣ್ಣೀರು ಮಾಡಿಸದ ಕೆಲಸವನ್ನು ನನ್ನ ಎರಡು ದಿನದ ಕಣ್ಣೀರು ಮಾಡಿಸಿತ್ತು.

ತಿಂಗಳು ಕಳೆದ ಮೇಲೆ ಅವ್ವ ತಾನೇ ಗ್ಯಾಸ್ ಹಚ್ಚಿದಳು. ಆರಿಸಿದಳು, ಮತ್ತೆ ಹಚ್ಚಿದಳು. “ನಿಂತ್ಕೊಂಡೇ ಮಾಡ್ಬಹುದಲ್ಲಪ್ಪ” ಎಂದಳು. ಸಂಜೆ ಬೇಗ ಅಡುಗೆ ಮುಗಿಸಿ ಜಗಲಿಗೆ ಬಂದು ಪಕ್ಕದ ಮನೆಯವರ ಜೊತೆ ಮಾತಾಡುತ್ತ ಕೂತಳು. ಕತ್ತಲಾಗುವ ಹೊತ್ತಿನಲ್ಲಿ ಅವ್ವ ಜಗಲಿಯಲ್ಲಿ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇಂಥ ಸಂಜೆಗಳು ಅವಳಿಗೆ ಏಳು ವರ್ಷ ಸಿಕ್ಕವು. ಇನ್ನೊಂದು ಒಂಬತ್ತು ವರ್ಷ ಸಿಗಬಹುದಿತ್ತು.

ಸಾರಿನ ರುಚಿ ನಿಜಕ್ಕೂ ಬದಲಾಯಿತು. ಸೌದೆ ಒಲೆಯ ಆ ಬಸ್ಸಾರು ಈಗಲೂ ನಾಲಗೆಗೆ ನೆನಪಿದೆ. ಅದನ್ನು ಇಷ್ಟಪಟ್ಟದ್ದರಲ್ಲಿ ತಪ್ಪಿಲ್ಲ. ಉಣ್ಣುವವನು ನಾನು, ಬೆಲೆ ತೆರುವವಳು ಅವ್ವ ಎಂದು ಒಪ್ಪಿಕೊಂಡು ಕೂತದ್ದು ನನ್ನ ತಪ್ಪು.

ಇದನ್ನು ಬರೆಯಲು ಕೂತ ಬೆಳಿಗ್ಗೆ ವಿಪರೀತ ಚಳಿಯಿತ್ತು. ನಮ್ಮ ಮನೆಯ ಪಾತ್ರೆ ತೊಳೆಯುವವರು ಹನ್ನೊಂದು ವರ್ಷದಿಂದ ಬರುತ್ತಿದ್ದಾರೆ. ಸಿಂಕಿನ ಮುಂದೆ ನಿಂತು, ಕೈ ಸೆರಗಿನಲ್ಲಿ ಸುತ್ತಿಕೊಂಡು ಬೆರಳು ಬಿಸಿಮಾಡಿಕೊಳ್ಳುತ್ತಿದ್ದರು. ಗೀಸರು ಇರುವುದು ಬಚ್ಚಲುಮನೆಯಲ್ಲಿ. ಬಿಸಿನೀರಿಲ್ಲದೆ ನಾನು ಮುಖ ಕೂಡ ತೊಳೆಯುವುದಿಲ್ಲ. ಅಡುಗೆಮನೆಗೆ ಆ ಪೈಪು ಎಳೆಸಿರಲಿಲ್ಲ. ಮಧ್ಯದ ಗೋಡೆ ಒಂದೇ. ಪ್ಲಂಬರನ್ನು ಕರೆಸಿದೆ, ಅರ್ಧ ದಿನದ ಕೆಲಸ.

ಅವರು ಯಾವತ್ತೂ ಕೇಳಿರಲಿಲ್ಲ. ಅವ್ವ ಕೇಳಿದ್ದಳು.